ಸಿದ್ಲಿಂಗನ ಶೀಟಿನ ಗ್ರೈಂಡರು

ಬನ್ನಿ ಕೂತ್ಕೊಳ್ಳಿ. ನಗೋದಾದ್ರೆ ಕೆಂಚಮ್ಮನ ಕಿವಿಗೆ ಬೀಳದಂಗೆ ನಗಿ, ಅವಳ ಸಂಕಟ ಅವಳಿಗೆ. ಇಡ್ಲಿ ಮಾರೋಳು ಈ ಕೆಂಚಮ್ಮ. ದಿನಾ ಮೂರು ಸೇರು ಅಕ್ಕಿ, ಒಂದು ಸೇರು ಉದ್ದು ಒರಳಲ್ಲಿ ರುಬ್ಬಿ ರುಬ್ಬಿ ಬಲಗೈ ಬಿದ್ದೇ ಹೋಗಿತ್ತು. ಅವಳಿಗೊಬ್ಬ ಮಗ, ಸಿದ್ಲಿಂಗ. ಮೀಸೆ ಬಂದಿತ್ತು, ಬುದ್ಧಿ ಬಂದಿರ್ಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ತೊಂದರೆ. ಬರ್ತಿದ್ದದ್ದು ಒಂದೇ ವಿದ್ಯೆ, ಫೋನಲ್ಲಿ ಗೇಮ್ ಆಡೋದು.

ಊರಿನ ಮೊಬೈಲ್ ಅಂಗಡಿಯೋನು ಪಂದ್ಯ ಇಟ್ಟ. ಗೇಮಿನ ಏಳು ತಲೆ ರಾಕ್ಷಸನನ್ನ ಭಾನುವಾರದೊಳಗೆ ಮೊದಲು ಕೊಂದೋರಿಗೆ ಗ್ರೈಂಡರು ಬಹುಮಾನ! ಕೆಂಚಮ್ಮ ಆವತ್ತೇ ಹರಕೆ ಹೊತ್ತಳು.

ಆದ್ರೆ ಯಾವ ತಲೆಗೆ ಯಾವ ಕತ್ತಿ, ಎಷ್ಟು ಮದ್ದು ಉಳೀತು, ಒಂದೂ ಸಿದ್ಲಿಂಗನಿಗೆ ನೆನಪಿರಲ್ಲ. ಪಕ್ಕದ ಮನೆ ಭಾಗೀರಥಿ ಅವನ ಫೋನಲ್ಲೇ ಎಕ್ಸೆಲ್ ಶೀಟು ಮಾಡಿಕೊಟ್ಟಳು. ಏಳು ತಲೆಗೆ ಏಳು ಸಾಲು. ಆದದ್ದರ ಮುಂದೆ ‘ಆಯ್ತು’ ಅಂತ ಬರೆದು ಹಸಿರು ಬಣ್ಣ. ಎಂಟನೇ ಸಾಲಲ್ಲಿ ‘ಗ್ರೈಂಡರು’ ಅಂತ ಕೆಂಚಮ್ಮನೇ ಹೇಳಿ ಬರೆಸಿದಳು.

"ಏನೇ ಆದ್ರೂ ಮೊದ್ಲು ಶೀಟಲ್ಲಿ ಬರಿ ಕಣ್ಲಾ, ಆಮೇಲೆ ಮುಂದಿನ ಕೆಲ್ಸ!"

"ಹೂಂ ಕಣವ್ವ."

ರಾಕ್ಷಸ ಗದೆ ಎತ್ತಿದ. ಸಿದ್ಲಿಂಗ ಆಟ ಬಿಟ್ಟು ಶೀಟು ತೆಗೆದ. ‘ರಾಕ್ಷಸ ಗದೆ ಎತ್ತಿದ’ ಅಂತ ಬರೆದ. ತಿರುಗಿ ಬರೋಷ್ಟರಲ್ಲಿ ಆಟದಲ್ಲಿ ತಾನೇ ಸತ್ತಿದ್ದ. ಅದನ್ನೂ ಬರೆದ.

"ಅಯ್ಯೋ ಮುಂಡೇದೇ! ಬರೆಯೋದ್ರಲ್ಲೇ ಹೊತ್ತು ಕಳೀತಾರೇನ್ಲಾ? ಒಂದು ಸಾಲು ಬರೆದು ಮೂಲೆ ಹಿಡಿದು ಕೆಳಕ್ಕೆ ಎಳೆದ್ರೆ ಉಳಿದದ್ದು ತಾನೇ ತುಂಬ್ಕೊಳ್ತದಂತೆ, ಭಾಗೀರಥಿ ಹೇಳಿದ್ಲು!"

"ಹೂಂ ಕಣವ್ವ."

ಮಾರನೇ ದಿನ ಒಂದು ತಲೆ ಕಡಿದ. ‘ಆಯ್ತು’ ಅಂತ ಬರೆದು, ಹಸಿರು ಬಳಿದು, ಮೂಲೆ ಹಿಡಿದು ಸರ್ರನೆ ಎಳೆದ. ಶೀಟೆಲ್ಲಾ ಹಸಿರು! ಕಾಲು ಚಾಚಿ ಮಲಗಿದ.

"ಏಳೋ! ರಾಕ್ಷಸ ಇನ್ನೂ ಆರು ತಲೆ ಹೊತ್ಕೊಂಡು ಓಡಾಡ್ತಾವ್ನೆ!"

"ಶೀಟಲ್ಲಿ ಸತ್ತವ್ನೆ ಕಣವ್ವ."

"ನನ್ ಕರ್ಮ! ಕಡೀದಿರೋ ತಲೆನೆಲ್ಲಾ ಅಳಿಸು! ಒಂದೊಂದೇ ಕಡಿ, ಒಂದೊಂದೇ ಬರಿ!"

"ಹೂಂ ಕಣವ್ವ." ಆರು ತಲೆ ಅಳಿಸಿದ. ಒಂದೊಂದೇ ಕಡಿದ, ಒಂದೊಂದೇ ಬರೆದ. ನಂಬ್ತೀರೋ ಬಿಡ್ತೀರೋ, ಶನಿವಾರ ಮಧ್ಯಾಹ್ನಕ್ಕೆ ಏಳೂ ತಲೆ ಉರುಳಿದ್ವು! ಗೆದ್ದೋನು ಅವನೊಬ್ಬನೇ. ಕೆಂಚಮ್ಮ ಕಣ್ಣೊರೆಸ್ಕೊಂಡಳು. ಒರಳನ್ನ ಹಿತ್ತಲಿಗೆ ಉರುಳಿಸಿದಳು.

ಭಾನುವಾರ ಮಗನನ್ನ ಅಂಗಡಿಗೆ ಕಳಿಸ್ತಾ ಅಂದಳು, "ಸ್ವಂತ ಬುದ್ಧಿ ಉಪಯೋಗಿಸ್ಬ್ಯಾಡಪ್ಪ, ನಿನ್ ದಮ್ಮಯ್ಯ. ಏನು ಕೇಳಿದ್ರೂ ಶೀಟು ನೋಡಿ ಹೇಳು!"

"ಹೂಂ ಕಣವ್ವ."

ಅಕ್ಕಿ, ಉದ್ದು ನೆನೆಸಿಟ್ಟು ಬಾಗಿಲಲ್ಲೇ ಕಾದಳು. ಮಗ ಕೈಬೀಸ್ಕೊಂಡು ಬಂದ.

"ಗ್ರೈಂಡರ್ ಎಲ್ಲೋ?"

"ಗ್ರೈಂಡರ್ ಮನೆಗೆ ಕಳಿಸ್ಲಾ ಅಂದ್ರು. ಶೀಟು ನೋಡಿದೆ. ಎಂಟನೇ ಸಾಲು, ಗ್ರೈಂಡರು, ಆಯ್ತು, ಹಸಿರು. ಆಗ್ಲೇ ಆಗ್ಯದೆ, ಬೇರೆಯೋರಿಗೆ ಕೊಡಿ ಅಂದೆ. ಕೊಟ್ಬಿಟ್ರು."

"ಅದನ್ನ ಅವತ್ತೇ ಯಾಕೆ ಅಳಿಸ್ಲಿಲ್ವೋ?"

"ನೀನು ತಲೆ ಅಳಿಸು ಅಂದೆ. ಗ್ರೈಂಡರಿಗೆ ತಲೆ ಎಲ್ಲದೆ ಕಣವ್ವ?"

ಕೆಂಚಮ್ಮ ಹೊಸ್ತಿಲ ಮೇಲೆ ಕುಸಿದಳು. ಬಲಗೈ ಸಿಡೀತಿತ್ತು. "ಹಂಗಾದ್ರೆ ಈ ಅಕ್ಕಿ ಉದ್ದನ್ನೂ ನಿನ್ ಶೀಟಲ್ಲೇ ಹಾಕಿ ರುಬ್ಬೋ!"

"ಹೂಂ ಕಣವ್ವ."

ಮೂಲೇಲಿ ಕೂತ. ಅಕ್ಕಿ, ಮೂರು ಸೇರು, ಆಯ್ತು. ಉದ್ದು, ಒಂದು ಸೇರು, ಆಯ್ತು. ಎರಡಕ್ಕೂ ಹಸಿರು ಬಳಿದ. ಆಮೇಲೆ ಫೋನನ್ನ ಒಲೆ ಪಕ್ಕದಲ್ಲಿ ಬೆಚ್ಚಗಿಟ್ಟು, ತಟ್ಟೆ ಮುಚ್ಚಿದ.

"ಸದ್ದು ಮಾಡ್ಬ್ಯಾಡ ಕಣವ್ವ," ಅಂದ, "ಹಿಟ್ಟು ಉಬ್ಬಬೇಕು."