ತಾತನ ಕೋಣೆಯಲ್ಲಿ ಒಗ್ಗರಣೆ

ವೆಂಕೋಬರಾಯರಿಗೆ ಹೊಸದಾಗಿ ವಾಸ್ತುವಿನ ಹುಚ್ಚು ಹಿಡಿದಿತ್ತು. ಒಲೆ ಅಡುಗೆಮನೆಯ ಆಗ್ನೇಯ ಮೂಲೆಗೆ ಬರಬೇಕೆಂದು ಅಲ್ಲಿನ ಕಟ್ಟೆಯನ್ನೇ ಒಡೆಸಿಬಿಟ್ಟರು. ಎಲ್ಲೆಲ್ಲೂ ಇಟ್ಟಿಗೆ, ಸಿಮೆಂಟು, ಧೂಳು! ಸೊಸೆ ಕಾತ್ಯಾಯಿನಿ ಗ್ಯಾಸ್ ಒಲೆಯನ್ನು ನಡುಮನೆಯಲ್ಲಿ ಇಡಹೊರಟಳು. ರಾಯರು ಗುಡುಗಿದರು.

"ಇಲ್ಲಿ ಕೂಡದು! ಹೊಸ ಕಟ್ಟೆ ಮುಗಿಯುವವರೆಗೆ ಮನೆಯ ಆಗ್ನೇಯ ಮೂಲೆ ಬಿಟ್ಟು ಬೇರೆಲ್ಲಿ ಬೇಯಿಸಿದರೂ ಯಾರೂ ಉಣ್ಣಕೂಡದು. ಹೋಟೆಲಿನ ಪೊಟ್ಟಣವಂತೂ ಹೊಸ್ತಿಲು ದಾಟಕೂಡದು!"

ಇಷ್ಟು ಹೇಳಿ ಕೋಲು ಹಿಡಿದು ವಾಕಿಂಗ್ ಹೊರಟೇಬಿಟ್ಟರು.

ಮಕ್ಕಳು ಹಸಿವಿನಿಂದ ಅಳುಮೋರೆ ಹಾಕಿದವು. ಗಂಡ ಪೇಪರಿನ ಹಿಂದೆ ಅಡಗಿದ. ಕಾತ್ಯಾಯಿನಿ ಮಾತ್ರ ಮಾವನ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿದಳು. ಒಂದು ಬಾಗಿಲ ಮುಂದೆ ಗಕ್ಕನೆ ನಿಂತಳು. ಅವಳ ಮುಖ ಅರಳಿತು.

"ರೀ, ಏಳಿ! ಸಿಲಿಂಡರ್ ಎತ್ತಿ!"

"ತಾತನ ರೂಮಲ್ಲಿ ಅಡುಗೆ!" ಎಂದು ಮಕ್ಕಳು ಸೌಟು, ತಟ್ಟೆ ಹೊತ್ತು ಕುಣಿಯುತ್ತ ಓಡಿದವು.

ರಾಯರು ಮರಳಿ ಬಂದು ತಮ್ಮ ಕೋಣೆಯ ಬಾಗಿಲು ತಳ್ಳಿದರು. ಅದೇ ಕ್ಷಣಕ್ಕೆ ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿತ್ತು. ಚೊಂಯ್! ಘಾಟು ಮೂಗಿಗೇ ಹೊಡೆಯಿತು.

"ಅಕ್ಷೀ! ಇದೇನಮ್ಮಾ ಇದು, ನನ್ನ ಮಂಚದ ಪಕ್ಕದಲ್ಲಿ?"

"ಆಗ್ನೇಯ, ಮಾವ. ಸರಿಯಾಗಿ ನಿಮ್ಮ ದಿಂಬಿನ ಪಕ್ಕಕ್ಕೇ ಬರುತ್ತೆ. ನಿಮ್ಮ ದಿಕ್ಸೂಚಿಯಲ್ಲೇ ನೋಡಿದೆ. ಕಟ್ಟೆ ಮುಗಿಯುವವರೆಗೂ ಮೂರು ಹೊತ್ತೂ ಇಲ್ಲೇ. ನಾಳೆ ಬೆಳಿಗ್ಗೆ ಮೆಣಸಿನಪುಡಿಗೆ ಹುರಿಯೋದಿದೆ."

"ಅಕ್ಷೀ! ಹೋಟೆಲಿಂದ ತರಿಸಮ್ಮಾ!"

"ತರಿಸ್ತೀನಿ ಮಾವ. ಅವರ ಒಲೆ ಯಾವ ಮೂಲೆಯಲ್ಲಿದೆ ಅಂತ ಮೊದಲು ವಿಚಾರಿಸಲಾ?"

ರಾಯರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಯಾವ ಮೂಲೆಯಲ್ಲಾದರೂ ಇರಲಿ ತಾಯಿ, ನನ್ನ ಮೂಲೆಯೊಂದು ಬಿಟ್ಟು!"