ಕೊಡದ ನೀರು

“ಗುರುಗಳೇ, ಅಳೆದು ಕೊಡುವುದು ಪ್ರೀತಿಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಅಂಬಿಗನಿದ್ದ. ಅವನಿಗೆ ಐದು ವರ್ಷದ ಒಬ್ಬಳೇ ಮಗಳು. ಹಸುಗೂಸಾಗಿದ್ದಾಗ ಅವಳ ಹೊಕ್ಕುಳಿಗೆ ನಂಜಾಗಿತ್ತು. ಅದು ವಾಸಿಯಾಯಿತೆಂದು ಎಲ್ಲರೂ ಮರೆತರು. ಆದರೆ ಯಕೃತ್ತಿಗೆ ರಕ್ತ ಒಯ್ಯುವ ನಾಳ ಒಳಗೇ ಕಟ್ಟಿಹೋಗಿತ್ತು. ದಾರಿ ಸಿಗದ ರಕ್ತ ಅನ್ನನಾಳದ ಸಣ್ಣ ನಾಳಗಳಿಗೆ ನುಗ್ಗಿ, ಅವು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದ್ದವು. ಒಂದು ಬೆಳಗ್ಗೆ ಗಂಜಿ ಕುಡಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಬಟ್ಟಲು ತುಂಬ ರಕ್ತ ಕಾರಿತು.

ಅಂಬಿಗ ಮಗಳನ್ನು ಹೆಗಲಿಗೆ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿದ. ಸುದ್ದಿ ಕೇಳಿ ಕೇರಿಯ ಅಂಬಿಗರೆಲ್ಲ ರಕ್ತ ಕೊಡಲು ಬಂದು ತೋಳು ಚಾಚಿ ನಿಂತರು. ವೈದ್ಯೆ ಮಗುವಿಗೆ ಸ್ವಲ್ಪವೇ ರಕ್ತ ಏರಿಸಿ ನಿಲ್ಲಿಸಿದಳು. ನಾಳದ ಒತ್ತಡ ಇಳಿಸುವ ಔಷಧಿಯನ್ನು ಹನಿಹನಿಯಾಗಿ ಬಿಟ್ಟಳು. ಮಗುವಿನ ತುಟಿ ಇನ್ನೂ ಬಿಳಿಚಿಕೊಂಡೇ ಇತ್ತು.

ಅಂಬಿಗನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಹೊರಗೆ ಇಷ್ಟು ಜನ ನಿಂತಿದ್ದಾರೆ. ಸಾಲದಿದ್ದರೆ ನನ್ನ ಮೈಯಲ್ಲಿರುವುದನ್ನೆಲ್ಲ ಬಸಿದುಕೊಳ್ಳಿ. ಕೂಸಿನ ವಿಷಯದಲ್ಲಿ ಯಾಕೆ ಈ ಜಿಪುಣತನ?” ಎಂದ.

ವೈದ್ಯೆ ಅವನ ಪಕ್ಕದಲ್ಲಿ ಕುಳಿತಳು. “ಅಣ್ಣಾ, ಜೀವ ನಿಲ್ಲುವಷ್ಟು ಕೊಟ್ಟಿದ್ದೇನೆ. ಇನ್ನೂ ತುಂಬಿದರೆ ಒತ್ತಡ ಏರಿ, ಈಗ ಮುಚ್ಚಿರುವ ಗಾಯ ಮತ್ತೆ ಒಡೆಯುತ್ತದೆ. ಸಂಜೆ ಬಾಯಿಂದ ಕೊಳವೆ ಇಳಿಸಿ, ಉಬ್ಬಿದ ನಾಳಗಳಿಗೆ ರಬ್ಬರಿನ ಉಂಗುರ ಬಿಗಿಯುತ್ತೇನೆ. ಅಲ್ಲಿಯವರೆಗೆ ಹೊಟ್ಟೆಗೆ ಏನೂ ಹೋಗಕೂಡದು, ಹನಿ ನೀರೂ ಸಹ.”

ಅವಳು ಹೋದ ಮೇಲೆ ಮಗು ಕಣ್ಣು ತೆರೆದು, “ಅಪ್ಪಾ, ನೀರು” ಎಂದಿತು.

ಹೂಜಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಅಂಬಿಗನ ಕೈ ಅದರವರೆಗೂ ಹೋಯಿತು, ಹಿಂದೆ ಬಂತು. ಅವನು ಪಂಚೆಯ ಅಂಚನ್ನು ಒದ್ದೆ ಮಾಡಿ ಅವಳ ತುಟಿ ಒರೆಸಿದ. ಮಗು ಅತ್ತಿತು, ಮುನಿಸಿಕೊಂಡು ಅತ್ತ ಹೊರಳಿತು. ಅವನು ಸಂಜೆಯವರೆಗೂ ಅವಳ ಬೆನ್ನು ಸವರುತ್ತ ಕುಳಿತಿದ್ದ.

ಉಂಗುರ ಬಿಗಿದರು, ರಕ್ತ ನಿಂತಿತು. ಉಬ್ಬಿದ ನಾಳಗಳೆಲ್ಲ ಅಡಗುವವರೆಗೆ ಅಂಬಿಗ ಮೂರು ವಾರಕ್ಕೊಮ್ಮೆ ಅವಳನ್ನು ಕರೆತಂದ. ಮುಂದೆ ಶಸ್ತ್ರಚಿಕಿತ್ಸೆ ಮಾಡಿ ರಕ್ತಕ್ಕೆ ಬೇರೊಂದು ದಾರಿ ಮಾಡಿಕೊಟ್ಟರು. ಈಗ ಅವಳೇ ಹುಟ್ಟು ಹಾಕಿ ಜನರನ್ನು ಹೊಳೆ ದಾಟಿಸುತ್ತಾಳೆ.

ಕತೆ ಮುಗಿಯಿತು. “ಹಾಗಾದರೆ ಅವನು ಎಲ್ಲವನ್ನೂ ಕೊಡಲು ಹೊರಟದ್ದು ತಪ್ಪೇ?” ಎಂದ ಶಿಷ್ಯ.

“ತಪ್ಪಲ್ಲ ಮಗು, ಮೈಯ ರಕ್ತ ಕೊಡುವುದು ಅವನಿಗೆ ಸುಲಭವಿತ್ತು, ಆ ಗುಟುಕು ನೀರನ್ನು ಕೊಡದಿರುವುದಕ್ಕೆ ಅವನ ಪ್ರೀತಿಯೆಲ್ಲ ಬೇಕಾಯಿತು.”