ಐದನೆಯ ಕೋಣೆಯ ಕೀಲು

ಮಾರ್ಚ್ ಹದಿನಾಲ್ಕು, ಗುರುವಾರ. ಬೆಳಗಿನಿಂದ ಮೋಡ ಮುಸುಕಿತ್ತು. ಗಾಳಿ ಇರಲಿಲ್ಲ, ಮಳೆಯೂ ಬರಲಿಲ್ಲ.

“ಮೇಷ್ಟ್ರೇ, ಒಗಟು ಕಟ್ಟಿದವನು ಅದರೊಳಗೆ ಸಿಕ್ಕಿಕೊಂಡವನಿಗೆ ದಾರಿ ಹೇಳಬೇಕೇ?” ಎಂದು ಚಿದಂಬರ ಕೇಳಿದ.

ನಿಜಗುಣಯ್ಯನವರು ಅವನಿಗೆ ಪ್ರೌಢಶಾಲೆಯಲ್ಲಿ ರೇಖಾಗಣಿತ ಕಲಿಸಿದವರು. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವ ಅಭ್ಯಾಸ ಆಗಲೂ ಇರಲಿಲ್ಲ, ಈಗಲೂ ಇಲ್ಲ.

“ಯಾರು ಸಿಕ್ಕಿಕೊಂಡಿದ್ದಾರೆ?” ಎಂದರು.

ಚಿದಂಬರ ವಿವರಿಸಿದ. ಅವನು ಚಿಕ್ಕಂದಿನಲ್ಲಿ ಆಡುತ್ತಿದ್ದ ಒಂದು ಕಂಪ್ಯೂಟರ್ ಆಟ. ಹಾಳು ಗುಡಿ, ಸುರಂಗ, ಮುಚ್ಚಿದ ಬಾಗಿಲು. ಕೋಣೆಗೊಂದು ಒಗಟು, ಬಿಡಿಸಿದರೆ ಮುಂದಕ್ಕೆ ದಾರಿ. ಮಾಡಿದ ಕಂಪನಿ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಮೆಚ್ಚಿದವರು ಮಾತ್ರ ಬಿಟ್ಟಿರಲಿಲ್ಲ. ತಾವೇ ಹೊಸ ಹಂತಗಳನ್ನು ಕಟ್ಟಿ ಒಂದು ಜಾಲತಾಣದಲ್ಲಿ ಇಡುತ್ತಿದ್ದರು. ಯಾರು ಬೇಕಾದರೂ ಆಡಬಹುದು. ಆಡಿದವರು ತಮಗೆ ಅನಿಸಿದ್ದನ್ನು ಕೆಳಗೆ ಬರೆಯುತ್ತಾರೆ. ಚಿದಂಬರ ಎರಡು ವರ್ಷ ಕೂತು ಅಂಥ ಒಂದು ಹಂತ ಕಟ್ಟಿದ್ದ. ಏಳು ಕೋಣೆಗಳ ಹಂತ.

ಅವನು ಫೋನು ತೆಗೆದು ಆಡಿದವರ ಮಾತುಗಳನ್ನು ಒಂದೊಂದಾಗಿ ಓದಿದ. “ಇಷ್ಟು ಕಠಿಣವಾದದ್ದನ್ನು ಈಚೆಗೆ ಆಡಿರಲಿಲ್ಲ.” “ಮೂರನೆಯ ಕೋಣೆಯಲ್ಲಿ ತಲೆ ಚಚ್ಚಿಕೊಂಡೆ. ಆಮೇಲೆ ಕಟ್ಟಿದವನಿಗೆ ಕೈ ಮುಗಿದೆ.” “ಹಳೆಯ ಆಟವೇ ಮತ್ತೆ ಎದ್ದು ಬಂದ ಹಾಗಿದೆ.”

“ನಲವತ್ತು ಜನ ಮುಗಿಸಿದ್ದಾರೆ, ಮೇಷ್ಟ್ರೇ. ಒಬ್ಬನೇ ಒಬ್ಬ ಐದನೆಯ ಕೋಣೆಯಲ್ಲಿ ನಿಂತುಬಿಟ್ಟ. ಹನ್ನೊಂದು ದಿನ ಬಿಡದೆ ಬರೆದ. ಎಲ್ಲ ಒಂದೇ ಥರ. ‘ಇವತ್ತೂ ಐದನೆಯ ಕೋಣೆಯಲ್ಲೇ ಇದ್ದೇನೆ, ದಾರಿ ಕಾಣುತ್ತಿಲ್ಲ. ದಿನವೆಲ್ಲ ನನಗೆ ಇದು ಬಿಟ್ಟರೆ ಬೇರೇನೂ ಇಲ್ಲ. ಯಾರಾದರೂ ಇದ್ದೀರಾ?’”

“ಉಳಿದವರು ಏನೆಂದರು?”

ಚಿದಂಬರನಿಗೆ ನಗು ಬಂತು. “ಒಬ್ಬ ‘ಅಣ್ಣಾ, ಅಲ್ಲೇ ಮನೆ ಮಾಡಿಬಿಡು’ ಅಂದ. ಇನ್ನೊಬ್ಬ ‘ಬಾಡಿಗೆ ಎಷ್ಟು ಕೊಡ್ತೀಯ’ ಅಂದ.”

“ನೀನು?”

“ನಾನೇನೂ ಹೇಳಲಿಲ್ಲ. ಕಟ್ಟಿದವನು ಬಾಯಿ ಬಿಟ್ಟರೆ ಆಟದ ಬೆಲೆ ಹೋಗುತ್ತದೆ. ಅವರ ಮಾತಿಗೆ ಒಂದು ನಗುಮುಖ ಹಾಕಿದೆ, ಅಷ್ಟೇ.”

ನಿಜಗುಣಯ್ಯನವರು ಒಂದು ಕತೆ ಹೇಳಿದರು.

ಒಬ್ಬ ಹಿರಿಯ ಶಿಲ್ಪಿ ಇದ್ದ. ಅವನು ಒಂದು ಒಗಟಿನ ಮನೆ ಕಟ್ಟಿದ್ದ. ಒಳಗೆ ಹೊಕ್ಕರೆ ಬಂದ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮುಂದಿನದನ್ನು ಬುದ್ಧಿಯಿಂದ ಹುಡುಕಿ ತೆರೆಯಬೇಕಿತ್ತು. ಒಬ್ಬ ಕಲ್ಲುಕುಟಿಗ ಆ ಮನೆಯನ್ನು ಹದಿನಾರು ಸಲ ಹೊಕ್ಕು ಹೊರಬಂದಿದ್ದ. ಅದರ ಒಂದೊಂದು ಮೂಲೆಯೂ ಅವನಿಗೆ ಬಾಯಿಪಾಠವಾಗಿತ್ತು.

ಕಾಲ ಕಳೆಯಿತು. ಶಿಲ್ಪಿ ಮುದುಕನಾಗಿ ಉಳಿ ಕೆಳಗಿಟ್ಟ. ಮನೆ ಬಿದ್ದುಹೋಯಿತು. ಕಲ್ಲುಕುಟಿಗನಿಗೆ ತಡೆಯಲಾಗಲಿಲ್ಲ. ಅದೇ ರೀತಿಯಲ್ಲಿ ತನ್ನ ಊರಿನಲ್ಲಿ ತಾನೇ ಒಂದು ಮನೆ ಕಟ್ಟಿದ. ಅವನು ಶಿಲ್ಪಿಯನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ದೂರದಿಂದ ನೋಡಿದ್ದ, ಅಷ್ಟೇ. ಆದರೂ ಒಂದೊಂದು ಕಲ್ಲು ಇಡುವಾಗಲೂ, ಇದನ್ನು ಅವರು ಕಂಡರೆ ಏನೆಂದಾರು ಎಂದುಕೊಳ್ಳುತ್ತಿದ್ದ.

ಮನೆಗೆ ಏಳು ಕೋಣೆ. ಬಂದವರು ಮುಂಬಾಗಿಲಲ್ಲಿ ಜೋಡು ಬಿಟ್ಟು ಬರಿಗಾಲಲ್ಲಿ ಹೋಗಬೇಕು. ಸೋತವರು ಕೋಣೆಯಲ್ಲಿ ತೂಗುವ ಹಗ್ಗ ಎಳೆದರೆ ಗಂಟೆ ಬಡಿಯುತ್ತದೆ. ಅವನೇ ಬಂದು ಹೊರಗೆ ಬಿಡುತ್ತಾನೆ. ಗೆದ್ದವರು ಹಿಂಬಾಗಿಲಿಂದ ಹೊರಬರುತ್ತಾರೆ. ಅಲ್ಲಿ ಸುಣ್ಣ ಬಳಿದ ಒಂದು ಗೋಡೆ, ಕೆಳಗೆ ಇದ್ದಿಲಿನ ಚೂರುಗಳು. ದುಡ್ಡು ಕೊಡಬೇಕಾಗಿಲ್ಲ. ಅನಿಸಿದ್ದನ್ನು ಒಂದು ಮಾತಿನಲ್ಲಿ ಗೋಡೆಯ ಮೇಲೆ ಬರೆಯಬೇಕು. ಅದೇ ಶುಲ್ಕ. ಬರೆದು, ಮನೆಯನ್ನು ಸುತ್ತಿ ಬಂದು, ಜೋಡು ಮೆಟ್ಟಿಕೊಂಡು ಹೋಗಬೇಕು.

ಐದನೆಯ ಕೋಣೆ ಅವನ ಎಲ್ಲ ಕೆಲಸಕ್ಕಿಂತ ಮೇಲಾದದ್ದು. ಎದುರಿನ ಗೋಡೆಯ ತುಂಬ ಕಲ್ಲಿನ ಬಳ್ಳಿ. ಸಾವಿರ ಎಲೆಗಳಲ್ಲಿ ಒಂದು ಎಲೆ ಮಾತ್ರ ಮಗುಚಿಕೊಂಡಿದೆ. ಅದನ್ನು ಒತ್ತಿದರೆ ಬಾಗಿಲು. ಹಿಂದುಗಡೆ ನೆಲದಲ್ಲಿ ಒಂದು ಹಲಗೆ. ಬಾಗಿಲನ್ನು ಎಳೆಯುವ ತೂಕದ ಕಲ್ಲುಗಳನ್ನು ಎರಡು ಗೋಡೆಗಳ ನಡುವಿನ ಸಂದಿಗೆ ಇಳಿಸಲು ಮಾಡಿದ್ದು. ಅಚ್ಚಿನ ಮೇಲೆ ತಿರುಗುತ್ತದೆ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದು ತಿರುಗದಂತೆ ಒಂದು ಕೀಲು ಹೊಡೆಯಬೇಕು. ಅದೊಂದು ಬಾಕಿ ಉಳಿದಿತ್ತು. ಮನೆ ತೆರೆಯುವ ದಿನ ಬಂದುಬಿಟ್ಟಿತು. ಈ ಕೋಣೆಗೆ ಬಂದವರ ಕಣ್ಣು ಮುಂದಿನ ಗೋಡೆಯ ಮೇಲಿರುತ್ತದೆ, ಹಿಂದಕ್ಕೆ ಯಾರು ಹೆಜ್ಜೆ ಇಡುತ್ತಾರೆ ಎಂದು ಅವನು ಸುಮ್ಮನಾದ.

ಜನ ಬಂದರು. ಗೋಡೆ ತುಂಬತೊಡಗಿತು. ಅವನು ದಿನವೆಲ್ಲ ಆ ಗೋಡೆಯ ಮುಂದೆ ಕೂತು ಓದುತ್ತಿದ್ದ. ಮುಂಬಾಗಿಲ ಕಡೆಗೆ ಹೋಗುತ್ತಿದ್ದುದು ಕಡಿಮೆ. ಅಲ್ಲಿ ಮಜ್ಜಿಗೆ ಮಾರುವ ಒಬ್ಬ ಮುದುಕಿ ಕೂರುತ್ತಿದ್ದಳು. ಬಂದವರಿಗೆ ಅವಳೇ ದಾರಿ ತೋರಿಸುತ್ತಿದ್ದಳು.

ಒಂದು ಭಾನುವಾರ ಗೋಡೆಯ ಮೇಲೆ ಹೊಸ ಮಾತು ಕಂಡಿತು. “ಐದನೆಯ ಕೋಣೆಯಲ್ಲಿ ಗೋಡೆ ‘ಯಾರಿದ್ದೀರಿ’ ಎಂದು ಕೇಳುತ್ತದೆ. ಮೈ ಜುಮ್ಮೆಂದಿತು.”

ಕಲ್ಲುಕುಟಿಗ ಎರಡು ಸಲ ಓದಿದ. ಅವನು ಯಾವ ಗೋಡೆಗೂ ದನಿ ಕೊಟ್ಟಿರಲಿಲ್ಲ. ಸಂದಿಯಲ್ಲಿ ಗಾಳಿ ಹೊಕ್ಕು ಹಾಗೆ ಕೇಳಿಸುತ್ತಿರಬಹುದು ಎಂದುಕೊಂಡ. ಅಷ್ಟರಲ್ಲಿ ಒಬ್ಬ ವರ್ತಕ ಬೆವರು ಒರೆಸಿಕೊಳ್ಳುತ್ತ ಹಿಂಬಾಗಿಲಿಂದ ಬಂದ.

“ಅಲ್ಲಯ್ಯಾ, ಕಲ್ಲಿನ ಬಾಯಲ್ಲಿ ಮಾತಾಡಿಸಿಬಿಟ್ಟೆಯಲ್ಲ! ಹೇಗೆ ಮಾಡಿದೆ?”

ಕಲ್ಲುಕುಟಿಗ ಒಂದು ಕ್ಷಣ ತಡೆದ. ಆಮೇಲೆ ನಕ್ಕ. “ಕಸುಬಿನ ಗುಟ್ಟು, ಸೆಟ್ಟರೇ. ಹೇಳಿಬಿಟ್ಟರೆ ನಾಳೆ ನಿಮ್ಮ ಅಂಗಡಿಯ ಗೋಡೆಯೂ ಮಾತಾಡೀತು.”

“ಬೇಡಪ್ಪಾ! ನನ್ನ ಅಂಗಡಿಯ ಗೋಡೆ ಬಾಯಿ ಬಿಟ್ಟರೆ ನಾನು ಊರು ಬಿಡಬೇಕಾದೀತು.”

ಹೀಗೆ ಆ ದನಿ ಅವನದಾಯಿತು.

ಸೋಮವಾರ ಇನ್ನೊಬ್ಬ ಬರೆದ. “ಗೋಡೆ ಕೇಳಿದಾಗ ‘ನಾನಿದ್ದೇನೆ’ ಎಂದೆ. ಗೋಡೆ ‘ನೀರು’ ಎಂದಿತು. ಆರನೆಯ ಕೋಣೆಯಲ್ಲಿ ಬರಿದಾದ ತೊಟ್ಟಿ ಕಂಡಾಗ ಅರ್ಥವಾಯಿತು. ಅದಕ್ಕೆ ನೀರು ತುಂಬಿಸಿದೆ, ಬಾಗಿಲು ತೆರೆಯಿತು. ಇಷ್ಟು ಒಳ್ಳೆಯ ಸುಳಿವನ್ನು ನಾನು ಕಂಡಿಲ್ಲ.”

ಅದರ ಕೆಳಗೆ ಮತ್ತೆ ಮೂವರು ಅದನ್ನೇ ಮೆಚ್ಚಿ ಬರೆದರು. ಕಲ್ಲುಕುಟಿಗ ಎಲ್ಲವನ್ನೂ ಓದಿದ. ಗಾಳಿ ‘ನೀರು’ ಎನ್ನುವುದಿಲ್ಲ ಎಂದು ಅವನಿಗೆ ಹೊಳೆಯಬೇಕಾಗಿತ್ತು. ಹೊಳೆಯಿತೋ ಇಲ್ಲವೋ, ಅವನು ಏಳಲಿಲ್ಲ.

ಅಂದು ಸಂಜೆ ಮಜ್ಜಿಗೆಯ ಮುದುಕಿ ಅವನನ್ನು ಕರೆದಳು. “ಅಪ್ಪಾ, ಈ ಜೋಡು ಶನಿವಾರದಿಂದ ಇಲ್ಲೇ ಬಿದ್ದಿದೆ ನೋಡು. ಯಾರೂ ಬಂದು ಮೆಟ್ಟಿಕೊಳ್ಳಲಿಲ್ಲ.”

“ಶನಿವಾರ ತಾನೇ?” ಎಂದ ಅವನು. ಶನಿಯ ಕಾಟ ಇದ್ದವರು ಶನಿವಾರ ಹಳೆಯ ಜೋಡನ್ನು ಗುಡಿಯ ಬಾಗಿಲಲ್ಲಿ ಬಿಟ್ಟು ತಿರುಗಿ ನೋಡದೆ ಹೋಗುವುದುಂಟು. ಮುಟ್ಟಿದವರಿಗೆ ಆ ಕಾಟ ಅಂಟುತ್ತದೆಂದು ಯಾರೂ ಮುಟ್ಟುವುದಿಲ್ಲ. “ಯಾರೋ ತಮ್ಮ ಶನಿಯನ್ನು ಇಲ್ಲಿ ಇಳಿಸಿ ಹೋಗಿದ್ದಾರೆ. ನನ್ನ ಬಾಗಿಲೇ ಸಿಕ್ಕಿತೇ ಅವರಿಗೆ! ಮುಟ್ಟಬೇಡ ಅಜ್ಜಿ. ಕೋಲಿನಿಂದ ಆಚೆ ತಳ್ಳು.”

“ನಾನು ಯಾಕೆ ತಳ್ಳಲಿ? ನನಗಿರುವ ಶನಿಯೇ ಸಾಕು.”

ಇಬ್ಬರೂ ತಳ್ಳಲಿಲ್ಲ. ಇಬ್ಬರೂ ಬಗ್ಗಿ ನೋಡಲೂ ಇಲ್ಲ. ಜೋಡು ಅಲ್ಲೇ ಉಳಿಯಿತು.

ಮಂಗಳವಾರ ಸಂತೆ. ಸುತ್ತಲ ಊರುಗಳ ಜನ ಸೇರಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೊರಬಂದು ಬರೆದ. “ಇವತ್ತು ಗೋಡೆ ‘ಕೀಲು, ಕೀಲು’ ಎನ್ನುತ್ತಿದೆ. ದನಿ ಬಹಳ ಸಣ್ಣದು. ಕಿವಿ ಹಚ್ಚಿ ಕೇಳಬೇಕು. ಕೋಣೆಯೆಲ್ಲ ಹುಡುಕಿದೆ, ಕೀಲು ಎಲ್ಲೂ ಇಲ್ಲ. ದಾರಿ ತಪ್ಪಿಸಲು ಇಟ್ಟಿದ್ದಾನೆ. ಕಟ್ಟಿದವನು ಬಲು ಜಾಣ.”

ಚಿದಂಬರನ ಕೈಯಲ್ಲಿದ್ದ ಫೋನಿನ ಬೆಳಕು ಆರಿತು. ಅವನು ಅದನ್ನು ಮತ್ತೆ ಹೊತ್ತಿಸಲಿಲ್ಲ.

ಕೀಲಿನ ಮಾತು ಕಲ್ಲುಕುಟಿಗನಿಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಎದ್ದು ನಿಂತ. ಬಾಗಿಲ ಬಳಿ ಐವತ್ತು ಜನ ಕಾಯುತ್ತಿದ್ದರು. “ಏನಯ್ಯಾ, ಗೋಡೆ ಇವತ್ತು ನನಗೂ ಏನಾದರೂ ಹೇಳುತ್ತದೆಯೇ?” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಈಗ ಒಳಗೆ ಹೋದರೆ ಆಟ ನಿಲ್ಲಿಸಬೇಕು. ನಿಲ್ಲಿಸಿದರೆ ಕಾರಣ ಹೇಳಬೇಕು. ದನಿ ತನ್ನದಲ್ಲ ಎನ್ನಬೇಕು. ನಾಳೆ ಬೆಳಿಗ್ಗೆ ಯಾರೂ ಇಲ್ಲದಾಗ ನೋಡಿದರಾಯಿತು ಎಂದು ಅವನು ಮತ್ತೆ ಕೂತ.

ಬುಧವಾರ ಅವನು ಏಳುವ ಮುಂಚೆಯೇ ಬಂದ ಒಬ್ಬ ಆಟ ಮುಗಿಸಿ, ಬರೆದು ಹೋಗಿದ್ದ. ಇದ್ದಿಲಿನ ಗುರುತು ಇನ್ನೂ ಹೊಸದಾಗಿತ್ತು. “ಗೋಡೆಯ ದನಿಯನ್ನು ತೆಗೆದುಹಾಕಿದ್ದಾನೆ. ಒಳ್ಳೆಯದಾಯಿತು. ಸುಳಿವು ಹೆಚ್ಚಾಗಿತ್ತು. ಈಗ ಆಟ ನಿಜಕ್ಕೂ ಕಷ್ಟ.”

ಕಲ್ಲುಕುಟಿಗ ಅದನ್ನು ಓದಿದವನೇ ಒಳಗೆ ಓಡಿದ. ಐದನೆಯ ಕೋಣೆಯಲ್ಲಿ ಮೊಣಕಾಲೂರಿ ಹಲಗೆಯ ಮೇಲೆ ಅಂಗೈ ಇಟ್ಟ. ಹಲಗೆ ಸದ್ದಿಲ್ಲದೆ ತಿರುಗಿತು, ಸದ್ದಿಲ್ಲದೆ ಮುಚ್ಚಿಕೊಂಡಿತು. ಅಚ್ಚಿಗೆ ಎಣ್ಣೆ ಹಾಕಿದ್ದವನು ಅವನೇ. ಹಲಗೆಯನ್ನು ಎತ್ತಿಹಿಡಿದು ದೀಪ ಇಳಿಸಿದ. ತೂಕದ ಕಲ್ಲುಗಳ ನಡುವೆ ಒಬ್ಬ ಮುದುಕ ಗೋಡೆಗೆ ಒರಗಿ ಕೂತಿದ್ದ. ಉಸಿರಿರಲಿಲ್ಲ.

ಅವನು ಆ ಹಿರಿಯ ಶಿಲ್ಪಿ. ತನ್ನ ರೀತಿಯಲ್ಲಿ ಯಾರೋ ಮನೆ ಕಟ್ಟಿದ್ದಾರೆಂದು ಕೇಳಿ, ಯಾರಿಗೂ ಹೇಳದೆ, ಶನಿವಾರ ನಡೆದುಕೊಂಡು ಬಂದಿದ್ದ.

“ಮೇಷ್ಟ್ರೇ,” ಎಂದ ಚಿದಂಬರ. “ಅಷ್ಟು ದೊಡ್ಡ ಶಿಲ್ಪಿಗೆ ಆ ಎಲೆ ಕಾಣಲಿಲ್ಲವೇ?”

“ಒಳಗೆ ಕಾಲಿಟ್ಟ ಕೂಡಲೇ ಕಂಡಿತ್ತು. ಅವನು ದಾರಿ ತಪ್ಪಿ ಬೀಳಲಿಲ್ಲ, ಚಿದಂಬರ. ಕೆಲಸ ಕೆಟ್ಟದಾಗಿದ್ದರೆ ಕಲ್ಲಿನವನು ಹತ್ತಿರ ಹೋಗಿ ಬೆರಳಿಟ್ಟು ನೋಡುತ್ತಾನೆ. ಚೆನ್ನಾಗಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಗೋಡೆಯನ್ನು ನೋಡುತ್ತಾನೆ. ಅವನು ಹಿಂದೆ ಸರಿದ.”

ಚಿದಂಬರ ತಾನು ಏಕೆ ಕೇಳುತ್ತಿದ್ದೇನೆಂದು ತಿಳಿಯದೆಯೇ ಕೇಳಿದ.

“ಹಾಗಾದರೆ ಹೊರಗಿನ ಗೋಡೆಯ ಮೇಲೆ ಅವನ ಒಂದು ಮಾತೂ ಇಲ್ಲ. ಶುಲ್ಕ ಕೊಡದೇ ಹೋದ ಹಾಗಾಯಿತು.”

“ಕೊಟ್ಟಿದ್ದ. ಬೆರಳಲ್ಲಿ ಒಂದು ಉಂಗುರವಿತ್ತು. ಕತ್ತಲಲ್ಲಿ ತಡವಿಕೊಂಡು ಅದರಿಂದಲೇ ಕಲ್ಲಿನ ಮೇಲೆ ಗೀಚಿದ್ದ. ಅಕ್ಷರದ ಮೇಲೆ ಅಕ್ಷರ ಬಿದ್ದಿತ್ತು. ಆದರೂ ಓದಬಹುದಿತ್ತು. ‘ಗೋಡೆ ಚೆನ್ನಾಗಿದೆ. ಕೀಲು ಹಾಕು.’”

ಹೊರಗೆ ಮೋಡ ಹಾಗೇ ನಿಂತಿತ್ತು. ಚಿದಂಬರ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಅದರ ಬೆನ್ನಿನ ಮೇಲೆ ಅವನ ಅಂಗೈ ಒತ್ತಿಕೊಂಡೇ ಇತ್ತು.

ನಿಜಗುಣಯ್ಯನವರು ಕೇಳಿದರು: “ನಿನ್ನ ಐದನೆಯ ಕೋಣೆಯವನು ಹನ್ನೆರಡನೆಯ ದಿನ ಏನು ಬರೆದ?”